ಶೆಡ್ಡಿನ ಸಪ್ಪಳ: ಹುಬ್ಬಳ್ಳಿ–ವಿಜಯಪುರ ರೈಲು ಹಾದಿಯ ಶಬ್ದಚರಿತ್ರೆ

ರೈಲುಗಾಡಿಗಳು ನಿಂತು, ಉಂಡು, ಉಪಚಾರ ಪಡೆಯುವ ಜಾಗ ಡಿಪೊ. ಎಂಜಿನ್ನಿಗೆ ಬೆಂಕಿ ಹಾಕುವುದು, ನೀರು ತುಂಬುವುದು, ಗಾಲಿ ತಟ್ಟಿ ನೋಡುವುದು, ಡಬ್ಬಿ ಬಿಚ್ಚಿ ಜೋಡಿಸುವುದು, ಕೆಟ್ಟದ್ದನ್ನು ಬಡಿದು ಸರಿಪಡಿಸುವುದು, ಎಲ್ಲವೂ ಅಲ್ಲೇ ನಡೆಯಬೇಕು. ಹಾಯ್ದುಹೋಗುವ ಗಾಡಿಯ ಸಪ್ಪಳ ಒಂದೆರಡು ನಿಮಿಷದ್ದು. ಶೆಡ್ಡಿನ ಸಪ್ಪಳ ಇಡೀ ರಾತ್ರಿಯದು. ಹುಬ್ಬಳ್ಳಿ–ವಿಜಯಪುರ ಹಾದಿಯಲ್ಲಿ ಈ ಸಪ್ಪಳಕ್ಕೆ ಸುಮಾರು 140 ವರ್ಷಗಳ ಚರಿತ್ರೆಯಿದೆ. ಅದರಲ್ಲಿ ನೂರಕ್ಕೂ ಹೆಚ್ಚು ವರ್ಷ ಅದನ್ನು ತಗ್ಗಿಸಬೇಕೆಂಬ ಕಾನೂನೇ ಇರಲಿಲ್ಲ. ಮುಂದೆ ಅದು ತಗ್ಗಿದ್ದೂ ಬಹುಪಾಲು ಬೇರೆ ಕಾರಣಗಳಿಗಾಗಿ: ಇಂಧನ ಉಳಿಸಲು, ವೇಗ ಹೆಚ್ಚಿಸಲು, ದುರಸ್ತಿಯ ಖರ್ಚು ಇಳಿಸಲು. ನೆರೆಯವರ ನಿದ್ದೆ ಆ ಲೆಕ್ಕದಲ್ಲಿ ಕೊಸರಾಗಿ ಬಂದದ್ದು.

ಹಾದಿ ಹುಟ್ಟಿದ್ದು ಬರಗಾಲದಿಂದ. 1876–78ರ ಮಹಾಕ್ಷಾಮದಲ್ಲಿ ಅಂದಿನ ಕಲಾದಗಿ ಜಿಲ್ಲೆ ತೀವ್ರವಾಗಿ ನಲುಗಿತು. ಹೊರಗಿನಿಂದ ಕಾಳು ತರಿಸಿಕೊಳ್ಳಲು ಎತ್ತಿನ ಬಂಡಿಯ ದಾರಿಗಳ ಹೊರತು ಬೇರೆ ಗತಿಯಿರಲಿಲ್ಲ. ಆ ಅನುಭವದ ಬೆನ್ನಿಗೆ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಸ್ಥಾಪನೆಯಾಯಿತು. ಧಾರವಾಡ ಅದರ ಕೇಂದ್ರಸ್ಥಾನ. ಸೊಲ್ಲಾಪುರದ ಪಕ್ಕದ ಹೋಟಗಿಯಿಂದ ವಿಜಯಪುರ, ಬಾಗಲಕೋಟೆ, ಬಾದಾಮಿಗಳ ಮೇಲೆ ಗದಗಕ್ಕೆ ಬರುವ ಮೀಟರ್ ಗೇಜ್ ಹಾದಿ 1884ರಲ್ಲಿ ತೆರೆಯಿತು. ಮರುವರ್ಷವೇ ಜಿಲ್ಲೆಯ ಕಚೇರಿಗಳು ಕಲಾದಗಿಯನ್ನು ಬಿಟ್ಟು ವಿಜಯಪುರಕ್ಕೆ ಬಂದು, ಆದಿಲಶಾಹಿ ಕಾಲದ ಮಹಲುಗಳಲ್ಲಿ ಠಿಕಾಣಿ ಹೂಡಿದವು. ಕಲಾದಗಿ ಹಳ್ಳಿಯಾಯಿತು, ಪಾಳುಬಿದ್ದಿದ್ದ ರಾಜಧಾನಿಗೆ ಮತ್ತೆ ಜನ ಬಂದರು.

ವಿಜಯಪುರದ ನಿಲ್ದಾಣವನ್ನು ಕಟ್ಟಿದ್ದು ಊರಿನ ಪೂರ್ವಕ್ಕೆ, ಕೋಟೆಗೋಡೆಯ ಹೊರಗೆ, ಗೋಳಗುಮ್ಮಟಕ್ಕೆ ಹತ್ತಿರದಲ್ಲಿ. 1656ರ ಹೊತ್ತಿಗೆ ಮುಗಿದ ಈ ಗೋರಿಯ ಗುಮ್ಮಟದೊಳಗೆ ಒಂದು ಬದಿಯ ಪಿಸುಮಾತು ಎದುರು ಬದಿಗೆ ಕೇಳುತ್ತದೆ; ಚಪ್ಪಾಳೆ ಹಲವು ಸಲ ಮಾರ್ದನಿಸುತ್ತದೆ. ನಾಡಿನಲ್ಲೇ ಸದ್ದಿಗೆ ಹೆಸರಾದ ಕಟ್ಟಡದ ಮಗ್ಗುಲಿಗೆ, ನಾಡಿನಲ್ಲೇ ಅತಿ ಗದ್ದಲದ ಯಂತ್ರವನ್ನು ತಂದು ನಿಲ್ಲಿಸಿದ್ದರ ವಿಚಿತ್ರ ಅಂದಿನವರಿಗೆ ಹೊಳೆದಂತಿಲ್ಲ. ಕೋಟೆಯ ಹೊರಗೆ ಖಾಲಿ ಜಾಗ ಬೇಕಾದಷ್ಟಿತ್ತು, ಹಳಿಗೆ ಬೇಕಾದ ಸಮತಟ್ಟೂ ಸಿಕ್ಕಿತು. ಆಯ್ಕೆಗೆ ಅಷ್ಟು ಸಾಕಾಗಿತ್ತು. 1901ರ ಜನಗಣತಿಯಲ್ಲಿ 24 ಸಾವಿರದಷ್ಟೂ ಇರದ ಊರು 2011ರ ಹೊತ್ತಿಗೆ 3.27 ಲಕ್ಷ ದಾಟಿತು. ಕೋಟೆಯ ಹೊರಗಿದ್ದ ನಿಲ್ದಾಣ ಈಗ ಊರೊಳಗಿನದು.

ವಿಜಯಪುರದಲ್ಲಿ ದೊಡ್ಡ ಕಾರ್ಖಾನೆ ಬೆಳೆಯಲಿಲ್ಲ. ಈ ಹಾದಿಯ ಗದ್ದಲ ಸೇರಿಕೊಂಡದ್ದು ಎರಡು ತುದಿಗಳಲ್ಲಿ. ಉತ್ತರದ ತುದಿ ಹೋಟಗಿ. ಅಲ್ಲಿ ಮುಂಬಯಿಯಿಂದ ರಾಯಚೂರಿಗೆ ಹೋಗುವ, 1871ರಲ್ಲಿ ಪೂರ್ಣಗೊಂಡಿದ್ದ ಬ್ರಾಡ್ ಗೇಜ್ ಹಾದಿ ಸಂಧಿಸುತ್ತಿತ್ತು. ಒಂದರ ಹಳಿಗಳ ಅಂತರ 1.676 ಮೀಟರ್, ಇನ್ನೊಂದರದು ಬರೀ 1 ಮೀಟರ್. ಹತ್ತಿ ಅಂಡಿಗೆ, ಜೋಳದ ಚೀಲ, ಎಣ್ಣೆಕಾಳು ಎಲ್ಲವನ್ನೂ ಈ ಡಬ್ಬಿಯಿಂದ ಇಳಿಸಿ ಆ ಡಬ್ಬಿಗೆ ಏರಿಸಬೇಕು. ಹಮಾಲರ ಕೂಗು, ಬಂಡಿಗಳ ಕಿರುಗುಟ್ಟು, ಶಂಟಿಂಗ್ ಎಂಜಿನ್ನಿನ ಗುದ್ದಾಟ ಹೊತ್ತಿನ ಪರಿವೆಯಿಲ್ಲದೆ ನಡೆಯುತ್ತಿದ್ದವು. ದಕ್ಷಿಣದ ತುದಿಯನ್ನು ಗದಗ ಎನ್ನುವುದಕ್ಕಿಂತ ಹುಬ್ಬಳ್ಳಿ ಎನ್ನುವುದೇ ಸರಿ, ಏಕೆಂದರೆ ಕಂಪನಿ ತನ್ನ ಕಾರ್ಖಾನೆಯನ್ನು 1885ರಲ್ಲಿ ಅಲ್ಲಿ ತೆರೆಯಿತು.

ಉಗಿಯ ಕಾಲದ ರೈಲ್ವೆ ಕಾರ್ಖಾನೆಯಲ್ಲಿ ಅತಿ ಕಠೋರವಾದ ಜಾಗ ಬಾಯ್ಲರ್ ಶಾಪ್. ಉಕ್ಕಿನ ತಗಡುಗಳನ್ನು ಕಾಯಿಸಿದ ರಿವೆಟ್ಟಿನಿಂದ ಬೆಸೆಯುವಾಗ ಒಬ್ಬ ಹೊರಗಿನಿಂದ ಸುತ್ತಿಗೆ ಬೀಸಿದರೆ, ಇನ್ನೊಬ್ಬ ಬಾಯ್ಲರಿನ ಹೊಟ್ಟೆಯೊಳಗೆ ಕೂತು ರಿವೆಟ್ಟಿಗೆ ಆನು ಕೊಡಬೇಕು. ಒಳಗಿದ್ದವನ ಕಿವಿಗೆ ಅದು ಗಂಟೆಯೊಳಗೆ ತಲೆಯಿಟ್ಟು ಬಾರಿಸಿಕೊಂಡಂತೆ. ಹುಬ್ಬಳ್ಳಿಯ ಕಾರ್ಖಾನೆ ಶುರುವಾದ ಮರುವರ್ಷ, 1886ರಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದ ವೈದ್ಯ ಥಾಮಸ್ ಬಾರ್ ನೂರು ಜನ ಬಾಯ್ಲರ್ ಕೆಲಸಗಾರರ ಕಿವಿ ಪರೀಕ್ಷಿಸಿ, ಎರಕದ ಕೆಲಸದವರ ಹಾಗೂ ಅಂಚೆಯವರ ಕಿವಿಗಳೊಂದಿಗೆ ಹೋಲಿಸಿದ. ಬಾಯ್ಲರಿನವರಲ್ಲಿ ಸರಿಯಾಗಿ ಕೇಳಿಸುವ ಒಬ್ಬನೂ ಅವನಿಗೆ ಸಿಗಲಿಲ್ಲ. ಭಾರತದ ಕಾನೂನಿಗೆ ಈ ಅರಿವು ಬರಲು ಬಹುಕಾಲ ಹಿಡಿಯಿತು. 1948ರ ಕಾರ್ಖಾನೆ ಕಾಯಿದೆಯ ಅಧಿಸೂಚಿತ ರೋಗಗಳ ಪಟ್ಟಿಗೆ ಶಬ್ದದಿಂದಾಗುವ ಕಿವುಡು ಕೂಡ ಸೇರಿತು. ಎಂಟು ಗಂಟೆಯ ಪಾಳಿಗೆ 90 ಡೆಸಿಬಲ್ ಮಿತಿ ಎಂಬ ನಿಯಮವೂ ಬಂತು. ಇವೆಲ್ಲ ಗೋಡೆಯೊಳಗಿನವರಿಗೆ. ಗೋಡೆಯಾಚೆ ಮಲಗಿದವರ ಕಿವಿಗೆ ಆ ಕಾಯಿದೆಯಲ್ಲಿ ಜಾಗವಿರಲಿಲ್ಲ.

ಗೋಡೆಯಾಚೆಗೆ ಅತಿ ದೂರ ಕೇಳುತ್ತಿದ್ದದ್ದು ಕಾರ್ಖಾನೆಯ ಭೋಂಗಾ, ಅಂದರೆ ಪಾಳಿಗೆ ಕರೆಯುವ ಸೀಟಿ. ಹುಬ್ಬಳ್ಳಿಯಲ್ಲಿ ನೂಲಿನ ಗಿರಣಿಗಳಿಗೂ ಭೋಂಗಾ ಇತ್ತು. ಕೈಗಡಿಯಾರ ಸಾಮಾನ್ಯರ ಕೈಗೆ ಬರುವ ಮೊದಲು ಹಾಲು ಕಾಯಿಸುವ, ಬುತ್ತಿ ಕಟ್ಟುವ, ಮಕ್ಕಳನ್ನು ಸಾಲಿಗೆ ಕಳಿಸುವ ಹೊತ್ತು ಅದರ ಕೂಗಿಗೆ ಜೋಡಣೆಯಾಗಿತ್ತು. ಅದು ಸಾರುತ್ತಿದ್ದ ಹೊತ್ತಾದರೂ ಎಲ್ಲಿಯದು? ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಭಾರತದ ರೈಲ್ವೆಗಳು ಮದ್ರಾಸ್ ವೇಳೆಯನ್ನು ಅನುಸರಿಸುತ್ತಿದ್ದವು. ಧಾರವಾಡ, ವಿಜಯಪುರ ಜಿಲ್ಲೆಗಳಿದ್ದದ್ದು ಮುಂಬಯಿ ಪ್ರಾಂತದಲ್ಲಿ. ಮುಂಬಯಿ ವೇಳೆಗಿಂತ ಮದ್ರಾಸಿನದು ಅರ್ಧ ಗಂಟೆ ಮುಂದು. 1906ರ ಜನವರಿ 1ರಂದು ಭಾರತೀಯ ಪ್ರಮಾಣ ವೇಳೆ ಜಾರಿಗೆ ಬರುವವರೆಗೆ ರೈಲಿನ ಹೊತ್ತೇ ಬೇರೆ, ಪ್ರಾಂತದ ರಾಜಧಾನಿಯ ಹೊತ್ತೇ ಬೇರೆ ಆಗಿತ್ತು. ಗಾಡಿ ತಪ್ಪಿಸಿಕೊಳ್ಳಬಾರದೆಂದರೆ ಸೀಟಿಯನ್ನೇ ನಂಬಬೇಕು. ಹೀಗೆ ಶೆಡ್ಡಿನ ಸಪ್ಪಳ ಊರಿನ ಗಡಿಯಾರವಾಯಿತು, ಮತ್ತು ಗಡಿಯಾರದ ಮೇಲೆ ಯಾರೂ ದೂರು ಕೊಡುವುದಿಲ್ಲ.

ದೂರು ಬಾರದಿರುವುದಕ್ಕೆ ಇನ್ನೂ ಗಟ್ಟಿಯಾದ ಕಾರಣವಿತ್ತು. ಶೆಡ್ಡಿನ ಸುತ್ತ ನೆಲೆಸಿದವರು ಶೆಡ್ಡಿನವರೇ. ಫಿಟ್ಟರ್, ಖಲಾಸಿ, ಫೈರ್‌ಮನ್, ಗಾರ್ಡ್, ಆಂಗ್ಲೊ–ಇಂಡಿಯನ್ ಡ್ರೈವರುಗಳ ಕುಟುಂಬಗಳು ರೈಲ್ವೆಯ ಕ್ವಾರ್ಟರ್ಸಿನಲ್ಲೇ ಇದ್ದವು. ಕಾರ್ಖಾನೆ ಮೊದಲು, ಕಾಲೊನಿ ಆಮೇಲೆ. ಕೆಲಸಗಾರ ನಡೆದೇ ಪಾಳಿಗೆ ಬರಬೇಕಾದ ಕಾಲದಲ್ಲಿ ಮನೆ ಹತ್ತಿರವಿರುವುದು ಕಂಪನಿಗೂ ಬೇಕಿತ್ತು, ಕೆಲಸಗಾರನಿಗೂ ಬೇಕಿತ್ತು. ಆ ಹತ್ತಿರದಲ್ಲೂ ದರ್ಜೆಗಳಿದ್ದವು. ಭಾರತದ ರೈಲ್ವೆ ಕಾಲೊನಿಗಳಲ್ಲಿ ಸಾಮಾನ್ಯವಾಗಿ ಸಾಹೇಬರ ಬಂಗಲೆಗಳು ಯಾರ್ಡಿನಿಂದ ದೂರ, ದೊಡ್ಡ ಕಂಪೌಂಡಿನ ಮರಗಳ ನಡುವೆ. ಕೆಳದರ್ಜೆಯ ನೌಕರರ ಸಾಲುಮನೆಗಳು ಹಳಿಯ ಪಕ್ಕ. ಸಂಬಳದ ಶ್ರೇಣಿಯನ್ನು ಕಣ್ಣು ಮುಚ್ಚಿಕೊಂಡು, ಸಪ್ಪಳದಿಂದಲೇ ಗುರುತಿಸಬಹುದಿತ್ತು.

ಉಗಿ ಎಂಜಿನ್ನಿನ ಶೆಡ್ಡಿಗೆ ರಾತ್ರಿಯೇ ಕೆಲಸದ ಹೊತ್ತು. ತಣ್ಣಗಿರುವ ಬಾಯ್ಲರಿನಲ್ಲಿ ಉಗಿ ಏರಲು ಹಲವು ತಾಸು ಬೇಕು. ಬೆಳಗಿನ ಗಾಡಿಗೆ ಎಂಜಿನ್ ಸಿದ್ಧವಾಗಬೇಕಾದರೆ ನಡುರಾತ್ರಿಯೇ ಬೆಂಕಿ ಹಾಕಬೇಕು. ಬೂದಿ ಕೆದಕುವ ಸಲಾಕೆ, ಕಲ್ಲಿದ್ದಲು ಸುರಿಯುವ ಸದ್ದು, ಒತ್ತಡ ಮೀರಿದಾಗ ಸೇಫ್ಟಿ ವಾಲ್ವಿನಿಂದ ಚಿಮ್ಮುವ ಉಗಿಯ ಅಬ್ಬರ, ಬಾಯ್ಲರ್ ತಳದ ಕೆಸರನ್ನು ಹೊರತಳ್ಳುವ ಬ್ಲೋಡೌನ್, ಇವೆಲ್ಲ ಊರು ಮಲಗಿದ ಮೇಲಿನವು. ಅದರ ನಡುವೆ ಕೈಯಲ್ಲಿ ಲಾಂದ್ರ, ಕಂಕುಳಲ್ಲಿ ಪುಸ್ತಕ ಹಿಡಿದು ಕಾಲೊನಿಯ ಬಾಗಿಲು ತಟ್ಟುತ್ತ ಹೋಗುವವನು ಕಾಲ್ ಬಾಯ್. ಡ್ಯೂಟಿ ಬಂದ ಡ್ರೈವರನ್ನೂ ಗಾರ್ಡನ್ನೂ ಎಬ್ಬಿಸಿ, ಪುಸ್ತಕದಲ್ಲಿ ಸಹಿ ಹಾಕಿಸಿಕೊಳ್ಳುವುದು ಅವನ ಕೆಲಸ. ಹುಡುಗ ಎಂಬ ಹೆಸರಿದ್ದರೂ ಅವನು ನಡುವಯಸ್ಸಿನವನಾಗಿರುವುದು ಸಾಮಾನ್ಯ. ಒಂದು ಬಾಗಿಲು ತಟ್ಟಿದರೆ ಸಾಲಿನ ನಾಲ್ಕು ಮನೆ ಏಳುತ್ತಿದ್ದವು.

ರೈಲ್ವೆಯೂ ನಿದ್ದೆಯ ಬೆಲೆ ಅರಿಯದ್ದೇನಲ್ಲ. ಪರವೂರಿಗೆ ಗಾಡಿ ತಂದ ಡ್ರೈವರು ಹಗಲಿನಲ್ಲೇ ಮಲಗಿ ರಾತ್ರಿ ಮತ್ತೆ ಹೊರಡಬೇಕು. ಅರೆನಿದ್ದೆಯ ಡ್ರೈವರು ಸಿಗ್ನಲ್ ದಾಟಿದರೆ ಅನಾಹುತ. ಹಾಗಾಗಿ ರನ್ನಿಂಗ್ ರೂಮುಗಳು ಹುಟ್ಟಿದವು. ಅವು ಯಾರ್ಡಿನ ಗದ್ದಲದಿಂದ ತಕ್ಕಷ್ಟು ದೂರವಿರಬೇಕು, ಕಿಟಕಿಗೆ ಪರದೆಯಿರಬೇಕು, ಮಲಗಿದವರ ಬಳಿ ಮಾತಾಡಬಾರದು ಎಂಬ ಕಟ್ಟಳೆಗಳು ರೂಢಿಗೆ ಬಂದವು. ಡಿಪೊದ ಗದ್ದಲದಿಂದ ನಿದ್ದೆಯನ್ನು ಕಾಯುವ ಮೊದಲ ವ್ಯವಸ್ಥೆಗಳಲ್ಲಿ ಇದೊಂದು; ಅದು ಸುರಕ್ಷತೆಯ ಹೆಸರಿನಲ್ಲಿ, ಒಳಗಿನವರಿಗಾಗಿಯೇ ಬಂದಿತ್ತು.

ಹೊರಗಿನವರ ದೂರು ಅದೇ ಹೊತ್ತಿಗೆ ಬೇರೆ ದೇಶಗಳ ನ್ಯಾಯಾಲಯ ತಲುಪಿತ್ತು. ಲಂಡನ್ನಿನಲ್ಲಿ ಗಾಡಿಗಳ ಸದ್ದು, ಹೊಗೆ, ಅದುರಾಟದಿಂದ ತಮ್ಮ ಮನೆಯ ಬೆಲೆ ಕುಸಿಯಿತೆಂದು ಬ್ರ್ಯಾಂಡ್ ಎಂಬ ಕುಟುಂಬ ಹೂಡಿದ ದಾವೆಯಲ್ಲಿ, ಸಂಸತ್ತೇ ಅನುಮತಿ ಕೊಟ್ಟ ರೈಲನ್ನು ಸರಿಯಾಗಿ ಓಡಿಸಿದ್ದರಿಂದಾದ ನಷ್ಟಕ್ಕೆ ಪರಿಹಾರವಿಲ್ಲವೆಂದು 1869ರಲ್ಲಿ ಹೌಸ್ ಆಫ್ ಲಾರ್ಡ್ಸ್ ಹೇಳಿತು. ಕ್ರಾಯ್ಡನ್ ನಿಲ್ದಾಣದ ದನದ ದೊಡ್ಡಿಯ ಗದ್ದಲದ ಬಗ್ಗೆ ನೆರೆಯವರು ತಂದ ಟ್ರೂಮನ್ ಪ್ರಕರಣದಲ್ಲಿಯೂ 1885ರಲ್ಲಿ ಗೆದ್ದದ್ದು ರೈಲ್ವೆಯೇ. ಆದರೆ ಇದಕ್ಕೆ ಎರಡು ವರ್ಷ ಮೊದಲು, 1883ರಲ್ಲಿ, ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ತೀರ್ಪು ಬೇರೆ ದಿಕ್ಕಿಗೆ ಹೊರಳಿತ್ತು. ವಾಷಿಂಗ್ಟನ್ನಿನಲ್ಲಿ ಬಾಲ್ಟಿಮೋರ್ ಮತ್ತು ಪೊಟೊಮ್ಯಾಕ್ ರೈಲ್ವೆ ಒಂದು ಚರ್ಚಿನ ಮಗ್ಗುಲಲ್ಲೇ ಎಂಜಿನ್ ಶೆಡ್ ಕಟ್ಟಿತು. ಸುತ್ತಿಗೆ, ಗಂಟೆ, ಸೀಟಿ, ಉಗಿಯ ಸದ್ದಿನಲ್ಲಿ ಪ್ರಾರ್ಥನೆ ಕೇಳದಾಯಿತು. ನಗರದೊಳಗೆ ಹಳಿ ಹಾಕಲು ಸಿಕ್ಕ ಪರವಾನಗಿ, ಶೆಡ್ಡನ್ನು ಮನಬಂದಲ್ಲಿ ಕಟ್ಟಲು ಸಿಕ್ಕ ಪರವಾನಗಿಯಾಗದು ಎಂದ ನ್ಯಾಯಾಲಯ 4,500 ಡಾಲರ್ ಪರಿಹಾರವನ್ನು ಎತ್ತಿಹಿಡಿಯಿತು.

ಈ ವ್ಯತ್ಯಾಸ ಮುಖ್ಯವಾದದ್ದು. ಹಳಿಯ ಜಾಡನ್ನು ಭೂಮಿಯ ಏರಿಳಿತ, ನದಿ, ಊರುಗಳು ನಿರ್ಧರಿಸುತ್ತವೆ. ಡಿಪೊ ಎಲ್ಲಿರಬೇಕೆಂಬುದನ್ನು ಮನುಷ್ಯರು ನಿರ್ಧರಿಸುತ್ತಾರೆ. ಬ್ರಿಟಿಷ್ ಆಳ್ವಿಕೆಯ ಭಾರತದಲ್ಲಿ ನಡೆದದ್ದು ಇಂಗ್ಲೆಂಡಿನ ತತ್ವ. ಕಾಯಿದೆಯ ಬೆಂಬಲದಿಂದ ಕಟ್ಟಿದ ರೈಲ್ವೆ ತನ್ನ ಕೆಲಸವನ್ನು ಜಾಗ್ರತೆಯಿಂದ ಮಾಡುವವರೆಗೆ ಅದರ ಸಹಜ ಉಪದ್ರವವನ್ನು ನೆರೆಯವರು ತಾಳಿಕೊಳ್ಳಬೇಕು ಎಂಬ ಎಣಿಕೆ. ಸದರ್ನ್ ಮರಾಠಾ ಕಂಪನಿ 1908ರಲ್ಲಿ ಮದ್ರಾಸ್ ರೈಲ್ವೆಯೊಂದಿಗೆ ಬೆರೆತು ಮದ್ರಾಸ್ ಅಂಡ್ ಸದರ್ನ್ ಮರಾಠಾ ಆಯಿತು. 1944ರಲ್ಲಿ ಸರ್ಕಾರದ ಕೈಗೆ ಬಂತು. 1951ರಲ್ಲಿ ದಕ್ಷಿಣ ರೈಲ್ವೆಗೆ ಸೇರಿತು. ಮುಂದೆ ಹುಬ್ಬಳ್ಳಿ ದಕ್ಷಿಣ ಮಧ್ಯ ರೈಲ್ವೆಯ ಪಾಲಾಗಿ, 2003ರಲ್ಲಿ ನೈಋತ್ಯ ರೈಲ್ವೆಯ ಕೇಂದ್ರಸ್ಥಾನವೇ ಆಯಿತು. ಬೋರ್ಡಿನ ಮೇಲಿನ ಹೆಸರು ಬದಲಾಗುತ್ತ ಹೋದರೂ ಆ ಎಣಿಕೆ ಹೆಚ್ಚು ಬದಲಾಗಲಿಲ್ಲ.

ಊರ ಹೊರಗಿನ ಬಯಲಿನಲ್ಲಿ ಸದ್ದಿನ ಸಂಗತಿ ಬೇರೆ. ವಿಜಯಪುರ ಜಿಲ್ಲೆಯ ಯರಿ ಭೂಮಿಯಲ್ಲಿ ಗುಡ್ಡ ಕಡಿಮೆ, ದಟ್ಟ ಮರ ಇನ್ನೂ ಕಡಿಮೆ. ಒಂದೆಡೆ ನಿಂತ ಎಂಜಿನ್ನಿನ ಸದ್ದು ದೂರ ಇಮ್ಮಡಿಯಾದಂತೆಲ್ಲ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಆದರೆ ಚಳಿಗಾಲದ ಇರುಳಿನಲ್ಲಿ ನೆಲ ಬೇಗ ತಣಿದು, ತಂಪು ಗಾಳಿ ಕೆಳಗೂ ಬೆಚ್ಚನೆಯದು ಮೇಲೂ ನಿಂತಾಗ, ಮೇಲೇರುವ ಸದ್ದು ಬಾಗಿ ನೆಲಕ್ಕೇ ಮರಳುತ್ತದೆ. ಹಿಂಗಾರಿ ಜೋಳದ ಹೊಲ ಕಾಯುವವರಿಗೆ ಬೆಳಗಿನ ಜಾವ ದೂರದ ಗಾಡಿ ಹತ್ತಿರ ಬಂದಂತೆ ಕೇಳುವುದು ಇದರಿಂದಲೇ. ಈ ಕೇಳ್ಮೆಗೂ ಒಂದು ಮೇರೆಯಿದೆ. ಹಳಿ ಹೋಗಿರುವುದು ವಿಜಯಪುರದ ಉತ್ತರ–ದಕ್ಷಿಣವಾಗಿ, ಮಿಂಚನಾಳ, ಮುಳವಾಡ, ಬಸವನ ಬಾಗೇವಾಡಿ ರೋಡ್, ಆಲಮಟ್ಟಿಗಳ ಗುಂಟ. ನಗರದ ಪಶ್ಚಿಮ ಮತ್ತು ನೈಋತ್ಯಕ್ಕೆ ಹರಡಿದ ಟಿಕೋಟಾ–ಬಬಲೇಶ್ವರ ಸೀಮೆಗೆ, ಅಲ್ಲಿಯ ನಿಡೋಣಿಯಂಥ ಊರುಗಳಿಗೆ, ರೈಲು ಎಂದರೆ ವಿಜಯಪುರಕ್ಕೆ ಹೋಗಿ ಹತ್ತುವ ಗಾಡಿ. ಆ ಊರುಗಳ ಹೊತ್ತನ್ನು ಹೇಳಿದ್ದು ಗುಡಿಯ ಗಂಟೆ, ಮಸೀದಿಯ ಬಾಂಗು, ಮುಂದೆ ಬಸ್ಸಿನ ಹಾರ್ನು. ಒಂದೇ ಜಿಲ್ಲೆಯೊಳಗೆ ರೈಲಿನ ಸದ್ದು ಕೇಳುವ ಪಟ್ಟಿಯೊಂದು, ಕೇಳದ ಪಟ್ಟಿಯೊಂದು.

ಕೇಳುವ ಪಟ್ಟಿಯಲ್ಲೂ ಎಲ್ಲರಿಗೂ ಅದು ಉಪದ್ರವವಾಗಿರಲಿಲ್ಲ ಎಂಬುದಕ್ಕೆ ನಿಂಬಾಳ ಒಳ್ಳೆಯ ನಿದರ್ಶನ. ಜಮಖಂಡಿಯಲ್ಲಿ 1886ರಲ್ಲಿ ಹುಟ್ಟಿ, ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಕಲಿಸಿದ ಗುರುದೇವ ರಾ. ದ. ರಾನಡೆ ತಮ್ಮ ಧ್ಯಾನಕ್ಕೆ ಆರಿಸಿಕೊಂಡದ್ದು ಇದೇ ಹಾದಿಯ ನಿಂಬಾಳ ನಿಲ್ದಾಣದ ನೆರೆಯನ್ನು. 1957ರಲ್ಲಿ ಅವರು ತೀರಿಕೊಂಡದ್ದೂ ಅಲ್ಲೇ. ನಾಮಸ್ಮರಣೆಯ ಆಶ್ರಮವೊಂದು ರೈಲು ನಿಲ್ದಾಣಕ್ಕೆ ಅಂಟಿಕೊಂಡು ನೆಮ್ಮದಿಯಾಗಿರಲು ಸಾಧ್ಯವಾದದ್ದು, ಒಂಟಿ ಹಳಿಯ ಮೀಟರ್ ಗೇಜಿನಲ್ಲಿ ಗಾಡಿಗಳು ವಿರಳವಾಗಿದ್ದುದರಿಂದ. ಒಂದು ಗಾಡಿ ಹೋಯಿತೆಂದರೆ ಮತ್ತೊಂದಕ್ಕೆ ತಾಸುಗಟ್ಟಲೆ ಬಿಡುವು. ಸದ್ದಿನ ಜೋರಿಗಿಂತ ಸದ್ದುಗಳ ನಡುವಿನ ಬಿಡುವೇ ನೆಮ್ಮದಿಯನ್ನು ನಿರ್ಧರಿಸುತ್ತದೆ. ಡಿಪೊದಲ್ಲಿ ಇಲ್ಲದಿರುವುದು ಆ ಬಿಡುವೇ.

ಡೀಸೆಲ್ ಎಂಜಿನ್ ಬಂದಾಗ ಹೊಗೆ ಕಮ್ಮಿಯಾಯಿತು, ಸದ್ದು ಮಾತ್ರ ಜಾತಿ ಬದಲಿಸಿತು. ಉಗಿ ಎಂಜಿನ್ ನಿಂತಾಗ ಉಸಿರಾಡುತ್ತದೆ. ಡೀಸೆಲ್ ನಿಂತಾಗಲೂ ಗುಡುಗುಡಿಸುತ್ತದೆ. ಬಂದ್ ಮಾಡಿದರೆ ಮತ್ತೆ ಶುರುವಾಗುವುದೋ ಇಲ್ಲವೋ, ಬ್ಯಾಟರಿ ಇಳಿದರೆ, ಬ್ರೇಕಿನ ಗಾಳಿ ಇಳಿದರೆ ಎಂಬ ಅಂಜಿಕೆಯಿಂದ ತಾಸುಗಟ್ಟಲೆ ಹಾಗೇ ಓಡುತ್ತ ಬಿಡುವುದು ರೂಢಿಯಾಯಿತು. ಈ ತಗ್ಗು ದನಿಯ ಗುಡುಗು ಗೋಡೆಗೆ ಜಗ್ಗುವುದಿಲ್ಲ. ಕಿಟಕಿ ಮುಚ್ಚಿದರೂ ಒಳಗೆ ಬಂದು ಪಾತ್ರೆಗಳನ್ನು ಅದುರಿಸುತ್ತದೆ. ಹುಬ್ಬಳ್ಳಿಯ ಶೆಡ್ಡಿನಲ್ಲಿ ಮೊದಲು ಮೀಟರ್ ಗೇಜಿನ ವೈಡಿಎಂ-4 ಎಂಜಿನ್ನುಗಳಿದ್ದವು. 1990ರ ದಶಕದಲ್ಲಿ ಹಾದಿಗಳು ಬ್ರಾಡ್ ಗೇಜ್ ಆಗುತ್ತ ಬಂದಂತೆ ಶೆಡ್ಡೂ ಬದಲಾಯಿತು. ಅಮೆರಿಕದ ಜನರಲ್ ಮೋಟರ್ಸ್ ತಂತ್ರಜ್ಞಾನದ 4,000 ಅಶ್ವಶಕ್ತಿಯ ಡಬ್ಲ್ಯುಡಿಜಿ-4 ಎಂಜಿನ್ನುಗಳು ಭಾರತಕ್ಕೆ ಬಂದಾಗ ಅವುಗಳ ಮೊದಲ ಮನೆಯಾದದ್ದು ಹುಬ್ಬಳ್ಳಿಯೇ. ವೈಡಿಎಂ-4ರಂಥ ಹಳೆಯ ಆಲ್ಕೊ ಎಂಜಿನ್ನುಗಳ ತುಂಡು ತುಂಡು ಬಡಿತಕ್ಕೂ ಈ ಎರಡು-ಸ್ಟ್ರೋಕಿನ ಎಂಜಿನ್ನುಗಳ ಏಕತಾರಿ ಮೊರೆತಕ್ಕೂ ಇರುವ ವ್ಯತ್ಯಾಸವನ್ನು ಶೆಡ್ಡಿನವರು ಕಣ್ಣು ಮುಚ್ಚಿ ಹೇಳಬಲ್ಲರು.

ಡೀಸೆಲ್ ಶೆಡ್ಡಿನ ಅತಿ ದೊಡ್ಡ ಸದ್ದು ಲೋಡ್ ಬಾಕ್ಸ್ ಪರೀಕ್ಷೆಯದು. ದುರಸ್ತಿ ಮುಗಿದ ಎಂಜಿನ್ನಿಗೆ ಎಳೆಯಲು ಗಾಡಿಯಿಲ್ಲ. ಹಾಗಾಗಿ ಅದು ಹುಟ್ಟಿಸುವ ವಿದ್ಯುತ್ತನ್ನು ದೊಡ್ಡ ರೆಸಿಸ್ಟರ್ ಪೆಟ್ಟಿಗೆಗೆ ಹರಿಸಿ, ಶಾಖವಾಗಿ ಸುಡಲಾಗುತ್ತದೆ. ಥ್ರಾಟಲಿನ ಕೊನೆಯ ಮೆಟ್ಟಿಲಾದ ಎಂಟನೇ ನಾಚ್‌ವರೆಗೂ ಏರಿಸಿ, ಪೂರ್ಣ ಬಲದಲ್ಲಿ ಬಹಳ ಹೊತ್ತು ಓಡಿಸಬೇಕು. ಓಡುವ ಹಾದಿಯಲ್ಲಿ ಹತ್ತಾರು ಕಿಲೋಮೀಟರಿಗೆ ಹಂಚಿಹೋಗಬೇಕಾದ ಗದ್ದಲ ಒಂದೇ ಜಾಗದಲ್ಲಿ ಸುರಿಯುತ್ತದೆ. ಈ ಪರೀಕ್ಷೆಯನ್ನು ಹಗಲಿಗೆ ಇಟ್ಟುಕೊಳ್ಳುವುದು, ಜಾಗವನ್ನು ಶೆಡ್ಡಿನ ಒಳಬದಿಗೆ ತಳ್ಳುವುದು, ಸೈಲೆನ್ಸರ್ ಜೋಡಿಸುವುದು, ಇವೇ ಡೀಸೆಲ್ ಕಾಲದ ನಿಜವಾದ ಉಪಾಯಗಳು. ಸುತ್ತ ಗಿಡ ನೆಟ್ಟರೆ ಸದ್ದು ನಿಲ್ಲುತ್ತದೆಂಬ ನಂಬಿಕೆ ಹಳೆಯದು, ಆದರೆ ದುರ್ಬಲ. ಹತ್ತಾರು ಮೀಟರ್ ಅಗಲದ ದಟ್ಟ ತೋಪೂ ಕೆಲವೇ ಡೆಸಿಬಲ್ ಇಳಿಸುತ್ತದೆ. ಗದ್ದಲದ ಮೂಲ ಕಣ್ಣಿಗೆ ಮರೆಯಾಗುವಂತೆ ಎತ್ತಿದ ಬಿರುಕಿಲ್ಲದ ಗೋಡೆ ಅದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಮರಗಳ ಸಾಲು ಮನಸ್ಸಿಗೆ ಹಿತ ಕೊಡುವುದುಂಟು. ಆ ಮಟ್ಟಿಗೆ ಅದೂ ವ್ಯರ್ಥವಲ್ಲ.

ಕಾನೂನು ನೆರೆಯವರ ಕಿವಿಯ ಕಡೆ ತಿರುಗಿದ್ದು ತೀರ ಈಚೆಗೆ. 1981ರ ವಾಯು ಕಾಯಿದೆಗೆ 1987ರಲ್ಲಿ ತಿದ್ದುಪಡಿಯಾಗಿ ಶಬ್ದವೂ ವಾಯುಮಾಲಿನ್ಯಕಾರಕಗಳ ಸಾಲಿಗೆ ಸೇರಿತು. 2000ದ ಶಬ್ದಮಾಲಿನ್ಯ ನಿಯಮಗಳು ಊರನ್ನು ನಾಲ್ಕು ವಲಯಗಳಾಗಿ ನೋಡುತ್ತವೆ. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್. ಕೈಗಾರಿಕಾ ಪ್ರದೇಶಕ್ಕೆ 75 ಮತ್ತು 70. ವಾಣಿಜ್ಯ ಪ್ರದೇಶ ಇವೆರಡರ ನಡುವೆ. ಆಸ್ಪತ್ರೆ, ಶಾಲೆಗಳ ಸುತ್ತಣ ನಿಶ್ಶಬ್ದ ವಲಯಕ್ಕೆ 50 ಮತ್ತು 40. ರಾತ್ರಿ ಎಂದರೆ ಹತ್ತರಿಂದ ಬೆಳಗಿನ ಆರು. ರೈಲ್ವೆ ಕಾಲೊನಿಗೆ ಈ ಅಳತೆಗೋಲು ಹಿಡಿದರೆ ಒಂದು ಪೇಚು ಎದುರಾಗುತ್ತದೆ. ಕಾರ್ಖಾನೆ, ಶೆಡ್, ಯಾರ್ಡ್, ಆಸ್ಪತ್ರೆ, ಶಾಲೆ, ಕ್ವಾರ್ಟರ್ಸ್ ಎಲ್ಲ ಒಂದೇ ಕಂಪೌಂಡಿನ ಆಸುಪಾಸು. ಒಂದು ಗೋಡೆಯ ಈಚೆ 70 ಸಲ್ಲುತ್ತದೆ, ಆಚೆ 45 ಮೀರಬಾರದು. ವಲಯಗಳ ಗೆರೆಯನ್ನು ಸದ್ದು ಓದಿಕೊಂಡು ಬರುವುದಿಲ್ಲ.

ಇದರ ಜೊತೆಗೆ ನೆರೆಯವರೇ ಬದಲಾಗಿದ್ದರು. 1901ರಲ್ಲಿ ಸುಮಾರು 60 ಸಾವಿರ ಜನರಿದ್ದ ಹುಬ್ಬಳ್ಳಿ ಧಾರವಾಡದೊಂದಿಗೆ ಸೇರಿ 2011ರಲ್ಲಿ 9.4 ಲಕ್ಷ ಮುಟ್ಟಿತು. ಕೇಶ್ವಾಪುರ, ಗದಗ ರಸ್ತೆ, ಮಂಟೂರ ರಸ್ತೆಗಳ ಆಸುಪಾಸು ರೈಲ್ವೆಗೆ ಸಂಬಂಧವಿಲ್ಲದ ಮನೆಗಳು ತುಂಬಿದವು. ಫಿಟ್ಟರನ ಹೆಂಡತಿಗೆ ಭೋಂಗಾ ಎಂದರೆ ಗಂಡ ಮನೆಗೆ ಬರುವ ಹೊತ್ತು. ಪಕ್ಕದ ಹೊಸ ಮನೆಯ ಅಂಗಡಿಕಾರನಿಗೆ ಅದೇ ಕಿರಿಕಿರಿ. ಕನ್ನಡದಲ್ಲಿ ಸಪ್ಪಳ, ಸದ್ದು, ಗದ್ದಲ ಎಂಬ ಮಾತುಗಳ ನಡುವೆ ಡೆಸಿಬಲ್ಲಿನ ವ್ಯತ್ಯಾಸವಿಲ್ಲ, ಸಂಬಂಧದ ವ್ಯತ್ಯಾಸವಿದೆ. ಶೆಡ್ಡಿನ ಸಂಬಳ ತಿನ್ನದವರು ಹೆಚ್ಚಾದಂತೆ ಶೆಡ್ಡಿನ ಸಪ್ಪಳ ಗದ್ದಲವಾಯಿತು.

ಅತ್ತ, ಗದ್ದಲವನ್ನು ಇಳಿಸುವ ಬದಲಾವಣೆಗಳು ಯಾವ ದೂರಿಗೂ ಕಾಯದೆ ಒಂದೊಂದಾಗಿ ಬರುತ್ತಿದ್ದವು. ರಿವೆಟ್ಟಿನ ಜಾಗಕ್ಕೆ ವೆಲ್ಡಿಂಗ್ ಬಂದು ಬಾಯ್ಲರ್ ಶಾಪಿನ ಬಡಿತ ನಿಂತಿತು. ಉಗಿ ಎಂಜಿನ್ನೇ ಹೋದ ಮೇಲೆ ಆ ಶಾಪೇ ಬೇಡವಾಯಿತು. ಫಿಶ್‌ಪ್ಲೇಟಿನಿಂದ ಜೋಡಿಸಿದ ತುಂಡು ಹಳಿಗಳ ಬದಲು ಬೆಸುಗೆ ಹಾಕಿದ ಉದ್ದ ಹಳಿಗಳು ಬಂದು ಮಕ್ಕಳು ಅನುಕರಿಸುತ್ತಿದ್ದ ತಾಳ ಅಡಗಿತು. ಬೀಡು ಕಬ್ಬಿಣದ ಬ್ರೇಕ್ ಬ್ಲಾಕ್ ಗಾಲಿಯ ಮೈಯನ್ನು ತರಿತರಿಯಾಗಿಸುತ್ತದೆ, ತರಿ ಗಾಲಿ ಹೆಚ್ಚು ಅರಚುತ್ತದೆ. ಸಂಯುಕ್ತ ವಸ್ತುವಿನ ಬ್ಲಾಕ್ ಅದನ್ನು ನಯವಾಗಿಡುತ್ತದೆ. ಜರ್ಮನಿ ಮತ್ತು ಸ್ವಿಟ್ಜರ್ಲೆಂಡ್ ದೇಶಗಳು 2020ರಲ್ಲಿ ಬೀಡು ಬ್ಲಾಕಿನ ಗೂಡ್ಸ್ ವ್ಯಾಗನ್ನುಗಳಿಗೆ ನಿಷೇಧ ಹಾಕಿದ್ದು ನೆರೆಯವರ ನಿದ್ದೆಗಾಗಿಯೇ. ಭಾರತದಲ್ಲಿ ಅದೇ ಬದಲಾವಣೆ ಬಂದದ್ದು ಸವೆತ ಕಡಿಮೆಯೆಂದು. ಡೀಸೆಲ್ ಎಂಜಿನ್ನುಗಳಿಗೆ ಸಣ್ಣ ಸಹಾಯಕ ಎಂಜಿನ್ ಕೂಡಿಸಿ, ನಿಂತಾಗ ದೊಡ್ಡದನ್ನು ಬಂದ್ ಮಾಡುವ ವ್ಯವಸ್ಥೆ ಬಂದದ್ದು ಎಣ್ಣೆ ಉಳಿಸಲು. ಎಸಿ ಡಬ್ಬಿಗಳ ಗಾಡಿಗೆ ತುದಿಯಲ್ಲಿ ಜೋಡಿಸುತ್ತಿದ್ದ ಜನರೇಟರ್ ಪವರ್ ಕಾರಿನ ಸನಿಹ ಮಾತು ಕೇಳುತ್ತಿರಲಿಲ್ಲ. ಡಬ್ಬಿಗಳಿಗೆ ಬೇಕಾದ ವಿದ್ಯುತ್ತನ್ನು ಮೇಲ್ತಂತಿಯಿಂದ ಎಂಜಿನ್ ಮೂಲಕವೇ ಪಡೆಯುವ ವಿಧಾನ ಬಂದ ಮೇಲೆ ಆ ಜನರೇಟರುಗಳು ಸುಮ್ಮನಾದವು. ಅದಕ್ಕೂ ಮೊದಲ ಕಾರಣ ಡೀಸೆಲ್ ಖರ್ಚು.

ಗದಗ–ಹೋಟಗಿ ಹಾದಿ 2008ರ ಹೊತ್ತಿಗೆ ಪೂರ್ತಿ ಬ್ರಾಡ್ ಗೇಜ್ ಆಯಿತು. ಹೋಟಗಿಯ ಚೀಲ ಬದಲಾವಣೆಯ ಗದ್ದಲಕ್ಕೆ ಕಾರಣವೇ ಇಲ್ಲವಾಯಿತು. ಆಮೇಲೆ 284 ಕಿಲೋಮೀಟರಿನ ಜೋಡಿಹಳಿ ಕಾಮಗಾರಿ, ವಿದ್ಯುದೀಕರಣ. ಇವುಗಳ ಹಿಂದಿದ್ದ ದೊಡ್ಡ ಕಾರಣ ಕೂಡಗಿಯ 2,400 ಮೆಗಾವ್ಯಾಟ್ ಉಷ್ಣ ವಿದ್ಯುತ್ ಸ್ಥಾವರ. ಅದಕ್ಕೆ ಕಲ್ಲಿದ್ದಲು ಬರಬೇಕು. ಒಂದು ರೇಕು ಎಂದರೆ 58–59 ವ್ಯಾಗನ್, ಸುಮಾರು ನಾಲ್ಕು ಸಾವಿರ ಟನ್ ಕಲ್ಲಿದ್ದಲು. ಒಂಟಿ ಹಳಿಯಲ್ಲಿ ಎದುರು ಗಾಡಿಗಾಗಿ ನಿಲ್ದಾಣಗಳಲ್ಲಿ ಕಾಯುತ್ತ ಗುಡುಗುಡಿಸುವುದು ಜೋಡಿಹಳಿಯಿಂದ ತಪ್ಪುತ್ತದೆ, ಗಾಡಿಗಳ ಸಂಖ್ಯೆ ಮಾತ್ರ ಏರುತ್ತದೆ. ಇಲ್ಲಿ ಲೆಕ್ಕವೂ ಅನುಭವವೂ ಬೇರೆ ಬೇರೆ ದಾರಿ ಹಿಡಿಯುತ್ತವೆ. ಗಾಡಿಗಳು ಇಮ್ಮಡಿಯಾದರೆ ಸರಾಸರಿ ಮಟ್ಟ ಏರುವುದು 3 ಡೆಸಿಬಲ್ ಅಷ್ಟೆ, ಮಾಪಕಕ್ಕೆ ಅದು ಅಲ್ಪ. ಮಲಗಿದವನು ಸರಾಸರಿಯಿಂದ ಎಚ್ಚರಗೊಳ್ಳುವುದಿಲ್ಲ. ಒಂದು ಸಲ ಏಳುತ್ತಿದ್ದವನು ಎರಡು ಸಲ ಏಳುತ್ತಾನೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಐರೋಪ್ಯ ಪ್ರದೇಶಕ್ಕೆ ರೈಲಿನ ಸದ್ದು ರಾತ್ರಿ 44 ಡೆಸಿಬಲ್ ಮೀರಬಾರದೆಂದು ಹೇಳಿದ್ದೂ ಸರಾಸರಿಯ ಮಾತೇ.

ವಿದ್ಯುತ್ ಎಂಜಿನ್ನುಗಳು ಹುಬ್ಬಳ್ಳಿಯ ಶೆಡ್ಡಿಗೂ ಬಂದಿವೆ. ನಿಂತಾಗ ಅವು ಬ್ಲೋವರಿನ ಶಬ್ದ, ಆಗೊಮ್ಮೆ ಈಗೊಮ್ಮೆ ಕಂಪ್ರೆಸರಿನ ಶಬ್ದ ಬಿಟ್ಟರೆ ಹೆಚ್ಚು ಮಾತಾಡುವುದಿಲ್ಲ. ಅವುಗಳಿಗೆ ಲೋಡ್ ಬಾಕ್ಸ್ ಬೇಕಿಲ್ಲ. ಉಳಿದಿರುವುದು ಹಾರ್ನು. ಗೇಟು ಬರುವ 600 ಮೀಟರ್ ಮೊದಲು ನೆಟ್ಟ ಸೀಟಿ ಫಲಕದಿಂದ ಕೂಗುತ್ತ ಬರುವುದು ನಿಯಮ. ಬ್ರಾಡ್ ಗೇಜಿನ ಕಾವಲಿಲ್ಲದ ಗೇಟುಗಳನ್ನೆಲ್ಲ 2019ರ ಜನವರಿಯೊಳಗೆ ತೆಗೆದುಹಾಕಿದ್ದರಿಂದ, ಎಷ್ಟೋ ಕಡೆ ಕೆಳಸೇತುವೆ ಬಂದದ್ದರಿಂದ, ಅಂಥ ಫಲಕಗಳು ಕಡಿಮೆಯಾಗಿವೆ. ಡಿಪೊದೊಳಗೆ ಮಾತ್ರ ಹಾರ್ನಿಗೆ ಬದಲಿಯಿಲ್ಲ. ಎಂಜಿನ್ ಕದಲುವ ಮೊದಲು ಹಳಿಯ ನಡುವೆ ಬಾಗಿ ಕೆಲಸ ಮಾಡುತ್ತಿರುವವನಿಗೆ ಅದು ಕೇಳಲೇಬೇಕು. ಮತ್ತು ಹೊರಡುವ ಪ್ರತಿ ಎಂಜಿನ್ನಿನ ಎರಡೂ ತುದಿಯ ಹಾರ್ನನ್ನು ಊದಿ ನೋಡಿದ ಮೇಲೆಯೇ ಅದನ್ನು ಶೆಡ್ಡಿನಿಂದ ಬಿಡಲಾಗುತ್ತದೆ.